ಬಿಳಿಯ ಮೇಲಿನ ಬೆರಳು

ಒಂದೂರಲ್ಲಿ ಒಬ್ಬ ರಾಜ, ರಾಜನಿಗೊಂದು ಅರಮನೆ, ಅರಮನೆಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ — ಟಕ್, ಟಕ್ಟಕ್, ಉಳಿಯ ತಲೆಗೆ ಸುತ್ತಿಗೆ ಬೀಳುವ ಲಯಕ್ಕೆ ಅಜ್ಜಿಯ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ಬೇಡವೆಂದರೂ ನಿಲ್ಲುತ್ತಿರಲಿಲ್ಲ, ಕಲ್ಲು ಕೆತ್ತುವವನ ಅಂಗಡಿಯಲ್ಲಿ ಮೋಡ ಒಂದು ಗಿಡ್ಡ ಸ್ಟೂಲಿನ ಮೇಲೆ ಮುದುಡಿ ಕೂತಿದ್ದಳು, ಎಡಕ್ಕೆ ಗೋಡೆಗೊರಗಿಸಿದ ಕರಿ ಚಪ್ಪಡಿ, ಬಲಕ್ಕೆ ಬೂದು ಚಪ್ಪಡಿ, ಎರಡರ ಮೇಲೂ ಇನ್ನೂ ಯಾರ ಹೆಸರೂ ಇಲ್ಲ, ಯಾರದ್ದಾದರೂ ಬರಲಿ ಎಂದು ಕಾದು ನಿಂತ ಹಾಗಿವೆ, ಎದುರಿಗೆ ಬಾಗಿಲು, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ದೊಡ್ಡಪ್ಪ — ಹೊರಗೆ ಹೋಗಬೇಕಾದರೆ ದೊಡ್ಡಪ್ಪನನ್ನು ಎಬ್ಬಿಸಬೇಕು, ದೊಡ್ಡಪ್ಪನನ್ನು ಎಬ್ಬಿಸಬೇಕಾದರೆ ಉತ್ತರ ಕೊಡಬೇಕು, ಉತ್ತರ ಅವಳ ನಾಲಗೆಯಡಿ ಕಲ್ಲಿನ ಪುಡಿಯ ಹಾಗೆ ಕರಕರ ಎನ್ನುತ್ತಿತ್ತು. ಹೇಳೇ ಮೋಡ, ಯಾವ ಪುಸ್ತಕ, ಯಾವ ಅಧ್ಯಾಯ, ಎಷ್ಟನೇ ವಚನ, ಅಷ್ಟೇ ತಾನೇ ನಾನು ಕೇಳ್ತಿರೋದು, ನಿನ್ನ ಆಸ್ತಿ ಬರ್ಕೊಡು ಅಂದ್ನಾ, ಅಂದ ದೊಡ್ಡಪ್ಪ. ಮೋಡ ಎಂಬುದು ಅಜ್ಜ ಇಟ್ಟ ಹೆಸರು, ನಿಂತಲ್ಲೇ ತೇಲಿ ಹೋಗುವ ಹುಡುಗಿ ಎಂದು, ದೀಕ್ಷಾಸ್ನಾನದ ಹೆಸರು ಬೇರೆಯೇ ಇತ್ತು, ಅದು ಮನೆಯಲ್ಲಿ ಕೇಳಿಬರುತ್ತಿದ್ದುದು ಯಾರಾದರೂ ಬೈಯುವಾಗ ಮಾತ್ರ.

ಅಜ್ಜನ ಕಲ್ಲು ಎರಡು ಮರದ ತೊಲೆಗಳ ಮೇಲೆ ಅಂಗಾತ ಮಲಗಿತ್ತು, ಹೆಸರು ಕೆತ್ತಿ ಆಗಿತ್ತು, ಹುಟ್ಟಿದ ದಿನ, ಹೋದ ದಿನ, ಎರಡರ ನಡುವೆ ಒಂದು ಗೀಟು — ಎಂಬತ್ತಮೂರು ವರ್ಷ ಅಂದರೆ ಹೆಬ್ಬೆರಳಿನಷ್ಟುದ್ದದ ಗೀಟು — ಅದರ ಕೆಳಗೆ ಸೀಮೆಸುಣ್ಣದಲ್ಲಿ ಬರೆದ ಸಾಲು, ಬಾಗಿಲು ಕಾದವನೇ, ಒಳಗೆ ಬಾ. ನಿನ್ನ ಪಾದಗಳು ತಣ್ಣಗಾಗಿವೆ. ಉಳಿ ಈಗ ಒಳಗೆ ಬಾ ಎಂಬಲ್ಲಿಗೆ ಬಂದಿತ್ತು. ಅದರ ಕೆಳಗೆ ನಾಲ್ಕು ಬೆರಳಗಲ ನುಣ್ಣಗೆ ಖಾಲಿ ಜಾಗ, ವಚನದ ಸಂಖ್ಯೆಗೆಂದು ಬಿಟ್ಟದ್ದು, ಅವಳು ಆ ಖಾಲಿಯನ್ನು ನೋಡುವುದಿಲ್ಲ ಎಂದುಕೊಂಡು ಅದನ್ನೇ ನೋಡುತ್ತಿದ್ದಳು. ಯೋಚನೆ ಮಾಡಿ ಹೇಳಿ ತಾಯಿ, ಕಲ್ಲಿಗೆ ರಬ್ಬರ್ ಇಲ್ಲ, ಅಂದ ಕೆತ್ತುವವ, ಕನ್ನಡಕದ ಮೇಲಿನ ಪುಡಿಯನ್ನು ಉಫ್ ಎಂದು ಊದಿ, ಹಿಂದೆ ಒಬ್ಬರು ಅವರಪ್ಪನ ಕಲ್ಲಿಗೆ ಹೆಂಡ್ತಿ ಹೆಸರು ಕೊಡಿ ಅಂದ್ರೆ ಮೊದಲನೆಯವಳ ಹೆಸರು ಕೊಟ್ಟುಬಿಟ್ಟಿದ್ರು, ಎರಡನೆಯವರು ಬಂದು ನೋಡಿ, ಆ ಕಲ್ಲನ್ನ ಈಗಲೂ ನಮ್ಮನೇಲಿ ಬಟ್ಟೆ ಒಗೆಯೋಕೆ ಇಟ್ಕೊಂಡಿದೀವಿ. ದೊಡ್ಡಪ್ಪ ನಗಲಿಲ್ಲ. ದೊಡ್ಡಪ್ಪನ ತೊಡೆಯ ಮೇಲೆ ಅಜ್ಜನ ಬೈಬಲ್ಲು, ಕರಿ ರಟ್ಟಿನದು, ಬೆನ್ನು ಕಿತ್ತು ಅಂಟಿಸಿದ್ದು, ಮೂರು ದಿನದಿಂದ ಹಾಳೆ ಹಾಳೆ ತಿರುವಿ ಹಾಕುತ್ತಿದ್ದಾನೆ, ಸಿಗುತ್ತಿಲ್ಲ, ಎಲ್ಲಿಂದ ಸಿಗಬೇಕು. ಇದು ಹಳೇ ಅನುವಾದ, ಇದರಲ್ಲಿ ಇದ್ದೇ ಇರುತ್ತೆ, ಅನ್ನುತ್ತಿದ್ದ. ಪಾದ್ರಿಗಳನ್ನೂ ಕೇಳಿದ್ದಾಯಿತು. ಎಲ್ಲೋ ಇದೆ, ನನಗೆ ಚೆನ್ನಾಗಿ ನೆನಪಿದೆ, ಕೀರ್ತನೆಗಳಲ್ಲೋ ಪ್ರವಾದಿಗಳಲ್ಲೋ ಇರಬೇಕು ನೋಡಿ, ಅಂದಿದ್ದರು ಪಾದ್ರಿಗಳು ಕೆಮ್ಮುತ್ತ, ಕೆಮ್ಮದೆ ಏನು ಮಾಡಿಯಾರು, ಈ ವಚನದ ಮೇಲೆ ಅವರು ಒಂದು ಭಾನುವಾರ ಮುಕ್ಕಾಲು ಗಂಟೆ ಪ್ರಸಂಗ ಮಾಡಿದ್ದರಲ್ಲ, ಪಾದಗಳು ಅಂದರೆ ನಮ್ಮ ನಂಬಿಕೆ, ತಣ್ಣಗಾಗುವುದು ಅಂದರೆ ಲೋಕದ ಸಹವಾಸ ಎಂದೆಲ್ಲ, ಮೋಡ ಎರಡನೇ ಬೆಂಚಿನಲ್ಲಿ ಅಜ್ಜನ ಪಕ್ಕ ಕೂತು ಕೇಳಿದ್ದಳು, ಅಜ್ಜ ಟೊಪ್ಪಿಯೊಳಗೆ ಮುಖವಿಟ್ಟುಕೊಂಡಿದ್ದ, ಜನ ಅವನು ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡರು, ಅವನ ಭುಜ ನಗುವಿಗೆ ಕುಲುಕುತ್ತಿದ್ದುದು ಅವಳ ಭುಜಕ್ಕೆ ಮಾತ್ರ ಗೊತ್ತು.

ನಾಡಿದ್ದು ಭಾನುವಾರ ಕಲ್ಲು ನಿಲ್ಲಿಸುವುದು, ಸಭೆಯವರೆಲ್ಲ ಬರುತ್ತಾರೆ, ಪ್ರೆಸ್ಸಿನಿಂದ ಹಳಬರು ಬರುತ್ತಾರೆ, ಇವತ್ತು ಮಧ್ಯಾಹ್ನದೊಳಗೆ ಸಂಖ್ಯೆ ಹೇಳದಿದ್ದರೆ ಕೆಲಸ ಮುಗಿಯುವುದಿಲ್ಲ. ಸುಮ್ಮನೆ ಒಂದು ಸಂಖ್ಯೆ ಹೇಳಿಬಿಟ್ಟರೆ — ಹನ್ನೆರಡು, ಏಳು — ಯಾರು ತೆಗೆದು ನೋಡುತ್ತಾರೆ, ದೊಡ್ಡಪ್ಪ ನೋಡುತ್ತಾನೆ, ಈಗಲೇ, ಇಲ್ಲೇ, ಕನ್ನಡಕ ಹಾಕಿಕೊಂಡು. ನಿಜ ಹೇಳಿಬಿಟ್ಟರೆ — ಏನು ಹೇಳುವುದು, ದೊಡ್ಡಪ್ಪಾ, ಅದು ಯಾವ ಪುಸ್ತಕದಲ್ಲೂ ಇಲ್ಲ, ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿದೆ, ಯಾಕೆ ಅಂದರೆ, ಯಾಕೆ ಅಂದರೆ, ಅಲ್ಲಿಗೆ ಬಂದು ಮಾತು ಗೋಡೆಗೆ ಡಿಕ್ಕಿ ಹೊಡೆಯುತ್ತಿತ್ತು, ಯಾಕೆ ಅಂದರೆ ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಒಂದಕ್ಷರವೂ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಾ ಸಂಜೆ ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು, ಪುಸ್ತಕ ತೊಡೆಯ ಮೇಲಿಟ್ಟು, ತೋರುಬೆರಳು ಸರಿಸುತ್ತ ಸರಿಸುತ್ತ ಓದುತ್ತಿದ್ದ ಅಜ್ಜನಿಗೆ. ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುಚೀಲ ತೊಡಿಸುತ್ತ, ಆ ಕಾಲು ಎಷ್ಟು ತಿಕ್ಕಿದರೂ ಬೆಚ್ಚಗಾಗಲೇ ಇಲ್ಲ. ನಾನಿರೋವಾಗ ಬೇಡ ಮೋಡ, ನನಗೆ ಅಷ್ಟು ಧೈರ್ಯ ಇಲ್ಲ. ದೇವರ ಮುಂದೆ ನಾನೇ ಹೇಳ್ಕೋತೀನಿ, ಮಕ್ಕಳ ಮುಂದೆ ಹೇಳೋದು ನಿನ್ನ ಕೆಲಸ. ಆಮೇಲೆ, ಉಸಿರು ಸುಧಾರಿಸಿಕೊಂಡು, ಬಾಗಿಲು ಕಾದವನೇ ಅನ್ನೋದು ನಿಮ್ಮಜ್ಜಿ ಮಾತು ಕಣೇ, ಅವಳದ್ದು ಅವಳಿಗೆ ಸೇರಬೇಕು. ಆಯ್ತಜ್ಜ ಅಂದಿದ್ದಳು, ಆಯ್ತು ಅನ್ನುವುದು ಎಷ್ಟು ಸುಲಭ, ಎರಡೂವರೆ ಅಕ್ಷರ, ಅದಾಗಿ ಮೂವತ್ತೆಂಟು ದಿನ.

ಕಾವಲುಗಾರ ಎಲ್ಲರಿಗೂ ಬಾಗಿಲು ತೆಗೆಯುತ್ತಿದ್ದ, ಬಂದವರೆಲ್ಲ ಒಳಗೆ ಹೋಗುತ್ತಿದ್ದರು, ಒಳಗೆ ದೀಪ, ಒಳಗೆ ವಾದ್ಯ, ಒಳಗೆ ಬಿಸಿಬಿಸಿ ಊಟ, ಅವನು ಮಾತ್ರ ಹೊರಗೆ ಕಲ್ಲಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ — ಯಾಕಜ್ಜಿ, ಅವನೂ ಒಳಗೆ ಹೋಗಬಹುದಲ್ಲ, ಬಾಗಿಲು ಅವನ ಕೈಯಲ್ಲೇ ಇದೆ — ಅಯ್ಯೋ ಪೆದ್ದೀ, ಕಾಯೋನಿಗೆ ಬಾಗಿಲು ಒಳಗೆ ಹೋಗೋಕಲ್ಲ, ಹಿಡ್ಕೊಂಡು ನಿಲ್ಲೋಕೆ. ಅಜ್ಜಿ ಈ ಕಥೆ ಹೇಳುತ್ತಿದ್ದುದು ಅಜ್ಜ ಕೆಲಸದಿಂದ ಬರುವ ಹೊತ್ತಿಗೆ ಸರಿಯಾಗಿ, ಬೇಕೆಂತಲೇ, ಅವನು ಬೂಟು ಬಿಚ್ಚುತ್ತ ಕೇಳಿಸಿಕೊಳ್ಳಲಿ ಅಂತಲೇ. ಅಜ್ಜ ಪ್ರೆಸ್ಸಿನ ಗೇಟು ಕಾಯುತ್ತಿದ್ದ, ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು, ಯಜಮಾನರಿಗೆ ಬೇಕಾದದ್ದು ಓದು ಬಾರದ ಕಾವಲುಗಾರ, ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಹಾಳೆ ಮುಂದೆ ಹಿಡಿದರಂತೆ, ಏನು ಬರೆದಿದೆ ಹೇಳು, ಎಲ್ಲರೂ ತಿಣುಕಿ ತಿಣುಕಿ ಒಂದೊಂದು ಅಕ್ಷರ ಹೇಳಿದರಂತೆ, ಅಜ್ಜ ಮಾತ್ರ ನೋಡಿ, ಕರಿ ಇರುವೆ ಸಾಲು ಸಾರ್ ಅಂದನಂತೆ, ಕೆಲಸ ಸಿಕ್ಕಿತು. ಒಂದೇ ಷರತ್ತು, ಮುಂದೆಯೂ ಕಲಿಯಬಾರದು. ಆಯ್ತು ಅಂದ. ಅವನೂ ಆಯ್ತು ಅಂದ. ನಾಲ್ಕು ದಶಕ ಆ ಮಾತು ಉಳಿಸಿಕೊಂಡ, ಗಾಳಿಗೆ ಹಾರಿ ಗೇಟಿನ ಹತ್ತಿರ ಬಂದ ಹಾಳೆಯನ್ನೂ ಮಗುಚಿ ಹಿಡಿದು ಒಳಗೆ ಕೊಟ್ಟು ಬರುತ್ತಿದ್ದನಂತೆ, ಓದು ಬಾರದವನು ಹಾಳೆ ಮಗುಚಿ ಹಿಡಿದರೆಷ್ಟು ಬಿಟ್ಟರೆಷ್ಟು, ಅಜ್ಜಿ ಅವನೆದುರೇ ಹೇಳಿ ಹೇಳಿ ನಗುತ್ತಿದ್ದಳಂತೆ, ಬಾಯಿಗೆ ಕೈ ಅಡ್ಡ ಹಿಡಿದು, ಎಷ್ಟು ನಿಯತ್ತು ನಿಮ್ದು, ಪೆದ್ದು ನಿಯತ್ತು, ಮನೆಯಲ್ಲಿ ಇದು ಗೊತ್ತಿದ್ದುದು ಅಜ್ಜಿಗೊಬ್ಬಳಿಗೇ, ಮೊಮ್ಮಗಳಿಗೆ ಅಜ್ಜ ಹೇಳಿದ್ದು ಅಜ್ಜಿ ಹೋದ ಮೇಲೆ.

ಟಕ್. ಟಕ್ಟಕ್. ಪಾದಗಳು ಎಂಬಲ್ಲಿಗೆ ಬಂತು. ಬೇಗ ಹೇಳಮ್ಮ, ಅಂದ ದೊಡ್ಡಪ್ಪ, ಈಗ ದನಿ ಮೆತ್ತಗೆ, ನೀನೇ ತಾನೇ ಅಪ್ಪನ ಪಕ್ಕ ಅಂಟಿಕೊಂಡು ಕೂರ್ತಿದ್ದವಳು, ಪುಟ ತೆಗೆದು ಕೊಡ್ತಿದ್ದವಳು, ನಿನಗೆ ಗೊತ್ತಿಲ್ಲದೆ ಇರುತ್ತಾ. ಅಂಟಿಕೊಂಡು ಅಲ್ಲ ದೊಡ್ಡಪ್ಪ, ಸಿಕ್ಕಿಕೊಂಡು. ಒಂಬತ್ತು ವರ್ಷ ಅವಳಿಗೆ, ಅಜ್ಜಿಯನ್ನು ಮಣ್ಣು ಮಾಡಿ ಬಂದ ಸಂಜೆ, ಮನೆ ತುಂಬ ಜನ, ಪಾದ್ರಿಗಳೂ ಇದ್ದರು, ಓದಿ ಅಪ್ಪಾ ಅಂದ ದೊಡ್ಡಪ್ಪ, ಬೈಬಲ್ಲು ತಂದು ಅಜ್ಜನ ತೊಡೆಯ ಮೇಲಿಟ್ಟ. ಅಜ್ಜ ಪುಸ್ತಕ ಬಿಚ್ಚಿದ. ಅದುವರೆಗೆ ಪ್ರತಿದಿನ ಬೆಳಗ್ಗೆ ಅಜ್ಜಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವನಿಗೊಂದು ಭಾಗ ಓದಿ ಹೇಳುತ್ತಿದ್ದಳು, ಅವನು ಗೇಟಿನಲ್ಲಿ ದಿನವೆಲ್ಲ ಬಾಯಲ್ಲಿ ಗುನುಗಿಕೊಂಡು ಸಂಜೆಗೆ ಒಪ್ಪಿಸುತ್ತಿದ್ದ, ಆ ದಿನ ಬೆಳಗ್ಗೆ ಓದಿ ಹೇಳಲು ಅಜ್ಜಿ ಇರಲಿಲ್ಲ — ಇದೆಲ್ಲ ಅವಳಿಗೆ ಆಗ ಗೊತ್ತಿಲ್ಲ, ಅವಳು ನೋಡಿದ್ದು ಬೆರಳನ್ನು ಮಾತ್ರ, ಅಜ್ಜನ ತೋರುಬೆರಳು ಪುಟದ ಮೇಲೆ ಇಳಿಯಿತು, ಉಗುರಿನ ನಡುವೆ ಉದ್ದಕ್ಕೆ ಒಂದು ಏಣು, ಗೇಟಿಗೆ ಸಿಕ್ಕಿ ಆದದ್ದು, ಬೆರಳು ಅಕ್ಷರದ ಮೇಲಲ್ಲ, ಅಂಚಿನಲ್ಲಿ, ಬಿಳಿಯ ಮೇಲೆ, ಅಕ್ಷರಗಳನ್ನು ಮುಟ್ಟಿದರೆ ಕಚ್ಚುತ್ತವೆ ಎಂಬಂತೆ ಬಿಳಿಯಲ್ಲೇ ಕೆಳಗೆ ಸರಿಯಿತು, ನಿಂತಿತು, ಬಾಗಿಲು ಕಾದವನೇ ಅಂದ ಅಜ್ಜ. ಒಳಗೆ ಬಾ. ನಿನ್ನ ಪಾದಗಳು ತಣ್ಣಗಾಗಿವೆ. ಮನೆಯೇ ಅಳತೊಡಗಿತು. ಎಂಥ ವಚನ, ಎಂಥ ಹೊತ್ತಿಗೆ, ಅಂದರು ಪಾದ್ರಿಗಳು ಕಣ್ಣೊರೆಸಿಕೊಂಡು. ಅವಳೊಬ್ಬಳೇ ಅಳಲಿಲ್ಲ, ಅಲ್ಲಲ್ಲ ಅದು ಕಥೆ, ಕೊನೆಯಲ್ಲಿ ಒಳಗಿನಿಂದ ಯಾರೋ ಬಾಗಿಲು ತೆಗೆದು ಹಾಗೆ ಕರೆಯುತ್ತಾರೆ, ಯಾರಜ್ಜಿ ತೆಗೆದಿದ್ದು, ಯಾರು ತೆಗೆದರೇನೇ, ತೆಗೆದರಲ್ಲ, ಮಲಗೀಗ.

ಮಾರನೇ ದಿನ ಶಾಲೆ ಬಿಟ್ಟವಳೇ ಸೀದಾ ಗೇಟಿಗೆ ಹೋಗಿದ್ದಳು. ಅಜ್ಜಾ, ನಿನ್ನೆ ನೀನು ಓದಿದ್ದು ಅಜ್ಜಿ ಕಥೆ. ಅಜ್ಜ ರಸ್ತೆಯನ್ನೇ ನೋಡುತ್ತಿದ್ದ, ಒಂದು ಲಾರಿ ಹೋಯಿತು, ಒಂದು ಸೈಕಲ್ಲು ಹೋಯಿತು. ನಿನಗೆ ಓದಕ್ಕೆ ಬರುತ್ತಲ್ಲ, ಅಂದ. ನಾಲ್ಕನೇ ಕ್ಲಾಸು ನಾನು! ಹಂಗಾದ್ರೆ ಬಾ ಒಳಗೆ. ಕಾವಲಿನ ಗೂಡು, ಒಂದೂವರೆ ಜನಕ್ಕೆ ಆಗುವಷ್ಟು ಜಾಗ, ಅವಳು ಆ ಅರ್ಧ, ಬೂಟಿನ ಪಾಲಿಶಿನ ವಾಸನೆ, ತುಕ್ಕಿನ ವಾಸನೆ, ಅಜ್ಜ ಬಾಗಿಲೆಳೆದು ಚಿಲಕ ಹಾಕಿದ, ಆ ಚಿಲಕದ ಕಟಕ್ ಎಂಬ ಸದ್ದು ಇವತ್ತಿಗೂ ಅವಳ ಬೆನ್ನ ಹಿಂದೆಯೇ ಇದೆ. ಕಥೆ ಹೇಳಿದ ಹಾಗೆ ಓದು, ಜೋರಾಗಿ ಬೇಡ. ಹದಿನೈದು ವರ್ಷ ಓದಿದಳು. ಗೂಡಿನಲ್ಲಿ, ಆಮೇಲೆ ಅವನು ಕೆಲಸ ಬಿಟ್ಟ ಮೇಲೆ ಹಿತ್ತಲಿನ ಕೋಣೆಯಲ್ಲಿ, ಜ್ವರ ಬಂದಾಗ, ಪರೀಕ್ಷೆ ಇದ್ದಾಗ, ಗೆಳತಿಯರು ಬೀದಿಯಲ್ಲಿ ಕರೆಯುತ್ತಿದ್ದಾಗ. ಬೇರೆ ಊರಿನ ಮಕ್ಕಳ ಗ್ರಂಥಾಲಯದವರು ಕಥೆ ಹೇಳುವ ಕೆಲಸಕ್ಕೆ ಬಾ ಎಂದು ಎರಡು ಸಲ ಪತ್ರ ಹಾಕಿದರು, ಎರಡನ್ನೂ ಬಟ್ಟೆಯ ಅಡಿಯಲ್ಲಿ ಇಟ್ಟಳು, ಹೋದರೆ ಅಜ್ಜನಿಗೆ ಓದಿ ಹೇಳುವವರು ಯಾರು, ಯಾಕೆ ಹೋಗಲಿಲ್ಲ ಎಂದರೆ ಏನೆಂದು ಹೇಳುವುದು, ಮನೆ ಬಿಟ್ಟು ಒಂದು ಹೆಜ್ಜೆ ಇಡೋ ಧೈರ್ಯ ಇಲ್ಲ ನಮ್ಮ ಮೋಡಕ್ಕೆ, ಗಾಳಿ ಬೀಸಿದರೂ ಅಲ್ಲಾಡಲ್ಲ, ಎಂಥ ಮೋಡವೋ, ಎಂದು ಎಲ್ಲರೂ ನಕ್ಕರು, ಅವಳೂ ನಕ್ಕಳು, ಅಜ್ಜ ನಗಲಿಲ್ಲ. ಆ ರಾತ್ರಿ ಊಟ ಬಿಟ್ಟ.

ಒಮ್ಮೆ ಸಿಟ್ಟಿನಿಂದ ಕೇಳಿದ್ದಳು, ಈಗ ಪ್ರೆಸ್ಸೂ ಇಲ್ಲ ಯಜಮಾನರೂ ಇಲ್ಲ, ಇನ್ನಾದರೂ ಕಲಿಯಬಹುದಲ್ಲ ಅಜ್ಜ, ನಾನು ಕಲಿಸ್ತೀನಿ, ಮೂರು ತಿಂಗಳು ಸಾಕು. ಕಲಿಯೋಕೆ ಕೂತರೆ, ಇಷ್ಟು ದಿನ ಬರ್ತಿರಲಿಲ್ಲ ಅಂತ ಎಲ್ಲರ ಮುಂದೆ ಒಪ್ಪಿದ ಹಾಗಲ್ಲವೇನೇ. ಹಾಗಾದ್ರೆ ಶುರು ಯಾಕೆ ಮಾಡಿದೆ. ಆಗ ಹೇಳಿದ್ದ, ನಿಮ್ಮ ದೊಡ್ಡಪ್ಪನಿಂದ. ಆರು ವರ್ಷದವನು, ಶಾಲೆಯಿಂದ ಬಂದವನೇ ಪುಸ್ತಕ ತಂದು ತೊಡೆ ಮೇಲಿಟ್ಟ, ಎಲ್ಲರ ಅಪ್ಪಂದಿರೂ ಓದ್ತಾರಂತೆ, ನೀನೂ ಓದಪ್ಪಾ. ಬೆಳಗ್ಗೆ ನಿಮ್ಮಜ್ಜಿ ಓದಿದ್ದು ಬಾಯಲ್ಲಿತ್ತು, ಹೇಳಿಬಿಟ್ಟೆ. ಅವನ ಮುಖ ನೋಡಬೇಕಿತ್ತು ನೀನು. ಒಂದು ಸಲ ಅಂದ್ಕೊಂಡೆ. ಒಂದೇ ಸಲ. ಇರುವೆ ಸಾಲನ್ನ ಮುಟ್ಟೋಕೆ ಭಯ ಆಗಿ ಬೆರಳನ್ನ ಪಕ್ಕಕ್ಕಿಟ್ಟೆ. ಆ ಒಂದೇ ಸಲ ನೋಡನೋಡುತ್ತ ಮನೆಯಷ್ಟು ದೊಡ್ಡದಾಯಿತು, ಅದರೊಳಗೆ ಅಜ್ಜ ಸಿಕ್ಕಿಕೊಂಡ, ಅಜ್ಜಿ ಸಿಕ್ಕಿಕೊಂಡಳು, ಅವರಾದ ಮೇಲೆ ಅವಳು, ಆರು ವರ್ಷದ ಮಗ ಬೆಳೆದು ಸಭೆಯಲ್ಲಿ ಪಾಠ ಓದುವವನಾದ, ಇಪ್ಪತ್ತೊಂದು ವರ್ಷದಿಂದ ಪ್ರತಿ ಭಾನುವಾರ ಪೀಠದ ಮುಂದೆ ನಿಂತು, ಅಪ್ಪ ಓದುತ್ತಿದ್ದ ಹಾಗೇ ಓದುತ್ತೇನೆ ಎಂದು ಎದೆಯುಬ್ಬಿಸಿ — ಟಕ್ ನಿಂತಿತ್ತು, ಎಷ್ಟು ಹೊತ್ತಾಯಿತು ನಿಂತು, ಅಂಗಡಿಯಲ್ಲಿ ಬೆಳಕಿನೊಳಗೆ ಪುಡಿ ತೇಲುತ್ತಿತ್ತು, ಕೆತ್ತುವವ ಸಾಲು ಮುಗಿಸಿ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದ, ದೊಡ್ಡಪ್ಪ ಕಾಯುತ್ತಿದ್ದ, ಎರಡು ಚಪ್ಪಡಿಗಳು ಕಾಯುತ್ತಿದ್ದವು, ಕಲ್ಲಿನ ಮೇಲೆ ನಾಲ್ಕು ಬೆರಳಗಲ ಬಿಳಿ.

ಅದು ಅದರಲ್ಲಿಲ್ಲ ದೊಡ್ಡಪ್ಪ, ಎಂದ ದನಿ ತನ್ನದೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಯಾವುದರಲ್ಲಿಲ್ಲ. ಬೈಬಲಿನಲ್ಲಿ. ಹಳೇದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಅದು ಅಜ್ಜಿ ಕಥೆಯಲ್ಲಿರೋದು. ಏನು ತಮಾಷೆ ಮಾಡ್ತಿದೀಯಾ, ನಾನು ಕಿವಿಯಾರೆ ಕೇಳಿದೀನಿ, ಅಪ್ಪ ಓದಿದ್ದನ್ನ. ಅಜ್ಜ ಓದಲಿಲ್ಲ. ಅಜ್ಜನಿಗೆ ಓದಕ್ಕೆ ಬರ್ತಿರಲಿಲ್ಲ. ಅಜ್ಜಿ ಓದಿ ಹೇಳ್ತಿದ್ದಳು, ಆಮೇಲೆ ನಾನು. ಬಾಯಿಮುಚ್ಚು, ಅಂದ ದೊಡ್ಡಪ್ಪ, ಆಮೇಲೆ ಅವಳ ದೀಕ್ಷಾಸ್ನಾನದ ಹೆಸರು ಹಿಡಿದು ಕರೆದ, ಆ ಹೆಸರು ಅಂಗಡಿಯಲ್ಲಿ ಬಾರಿಸಿದ ಹಾಗೆ ಕೇಳಿಸಿತು, ಸತ್ತವರ ಮೇಲೆ ಇಂಥ ಮಾತಾಡೋಕೆ ನಾಚಿಕೆ ಆಗಲ್ವಾ ನಿಂಗೆ, ಎತ್ತಿ ಆಡಿಸಿದ ಕೈ ಅದು. ನಾನೇ ಹೇಳ್ಬೇಕು ಅಂತ ಅವರೇ ಮಾತು ತಗೊಂಡ್ರು ದೊಡ್ಡಪ್ಪ, ಎಂದಳು, ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ಎಂಬ ಹೆದರಿಕೆಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು, ಪ್ರೆಸ್ಸಿನ ಷರತ್ತು, ಅಡುಗೆಮನೆಯ ಮುಚ್ಚಿದ ಬಾಗಿಲು, ಅಜ್ಜಿಯನ್ನು ಮಣ್ಣು ಮಾಡಿದ ಸಂಜೆ, ಕಾವಲಿನ ಗೂಡು, ಆರು ವರ್ಷದ ಹುಡುಗ ಮತ್ತು ಅವನ ಮುಖ. ಆರು ವರ್ಷದ ಹುಡುಗನ ಮಾತು ಬಂದಾಗ ದೊಡ್ಡಪ್ಪ ಬೈಯುವುದನ್ನು ನಿಲ್ಲಿಸಿದ. ನನ್ನ ಮಾರ್ಕ್ಸ್ ಕಾರ್ಡಿಗೆ, ಅಂದ, ಯಾರಿಗೂ ಅಲ್ಲ, ಅಮ್ಮನೇ ಸೈನ್ ಹಾಕ್ತಿದ್ದಳು. ಅಪ್ಪನ ಕೈಗೆ ಗ್ರೀಸ್ ಆಗಿರುತ್ತೆ ಅಂತಿದ್ದಳು. ಯಾವಾಗಲೂ ಗ್ರೀಸ್. ಹಾಳೆಗಳನ್ನ ನೋಡಿ ದೊಡ್ಡಪ್ಪ, ಅಜ್ಜನ ಬೆರಳಿನ ಕಲೆ ಎಲ್ಲಿದೆ ನೋಡಿ.

ದೊಡ್ಡಪ್ಪ ಕುರ್ಚಿಯಿಂದ ಎದ್ದ. ಬೆಳಕಿಗೆ ಬಂದ. ಬೈಬಲ್ಲನ್ನು ಕಲ್ಲಿನ ಮೇಲೆ, ಅಜ್ಜನ ಹೆಸರಿನ ಪಕ್ಕದಲ್ಲೇ ಬಿಚ್ಚಿಟ್ಟ, ಒಂದು ಹಾಳೆ, ಇನ್ನೊಂದು, ಪ್ರತಿ ಹಾಳೆಯ ಅಂಚಿನಲ್ಲೂ ಮೇಲಿಂದ ಕೆಳಗೆ ಇಳಿದ ಕಂದು ದಾರಿ, ಜನ ನಡೆದೂ ನಡೆದೂ ಆದ ಕಾಲುದಾರಿಯ ಹಾಗೆ, ಅಕ್ಷರದ ಮೇಲೆ ಮಾತ್ರ ಒಂದೇ ಒಂದು ಕಲೆಯಿಲ್ಲ, ಅಕ್ಷರಗಳು ಈಗ ತಾನೇ ಅಚ್ಚಾದ ಹಾಗಿವೆ. ಬಾಗಿಲು ಖಾಲಿಯಾಗಿತ್ತು, ಹೊರಗೆ ರಸ್ತೆ, ಬಿಸಿಲು, ಯಾರೋ ಸೈಕಲ್ಲಿನ ಬೆಲ್ಲು ಹೊಡೆದರು, ಈಗ ಎದ್ದು ಹೋಗಬಹುದಿತ್ತು, ಹೇಳಿಯಾಯಿತು ಅಜ್ಜ, ಹೇಳಿದೆ, ಕಾಲು ಮಾತ್ರ ಏಳುತ್ತಿಲ್ಲ. ಹಂಗಾದ್ರೆ ಈ ಜಾಗದಲ್ಲಿ ಏನು ಬರೀಲಿ, ಅಂದ ಕೆತ್ತುವವ ಮೆಲ್ಲಗೆ, ಸೀಮೆಸುಣ್ಣ ಬೆರಳಲ್ಲಿ ತಿರುಗಿಸುತ್ತ. ಅಜ್ಜಿ ಹೆಸರು, ಅಂದಳು. ಕೆತ್ತುವವ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ತೆರೆದ ಪುಟಕ್ಕೆ ಬಾಗಿ, ಗಂಟಲು ಸರಿಮಾಡಿಕೊಂಡು, ಪೀಠದ ಮುಂದೆ ನಿಂತಾಗ ಮಾಡುವಂತೆಯೇ ಓದಲು ಬಾಯಿ ತೆರೆದ, ಕೈ ತಾನಾಗಿ ಬಂತು, ತೋರುಬೆರಳು ಇಳಿಯಿತು, ಅಂಚಿಗೆ, ಆ ಕಂದು ದಾರಿಗೆ — ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು, ಇಪ್ಪತ್ತೊಂದು ವರ್ಷ ಇಡೀ ಸಭೆ ನೋಡಿದ್ದು — ದೊಡ್ಡಪ್ಪ ಓದಲಿಲ್ಲ, ತನ್ನ ಬೆರಳನ್ನು ನೋಡಿದ, ಅವಳೂ ನೋಡಿದಳು, ಸೀಮೆಸುಣ್ಣ ಗಾಳಿಯಲ್ಲಿ ನಿಂತಿತು, ಬೆರಳು ಅಲ್ಲಾಡಲಿಲ್ಲ, ಅಕ್ಷರದ ಪಕ್ಕದಲ್ಲಿ, ಅಕ್ಷರವನ್ನು ಮುಟ್ಟದೆ, ಬಿಳಿಯ ಮೇಲೆ, ಬೆರಳು.